ಒಂದು ಪ್ರೊಸೆಸರ್, ಎಂಟು ಗಡಿಯಾರ

"ನೂರು ಎಣಿಸು, ಆಮೇಲೆ ಒಲೆ ಆರಿಸು" ಎಂದು ಮೊಮ್ಮಗಳಿಗೆ ಹೇಳಿ ಅಜ್ಜಿ ಹಿತ್ತಿಲಿಗೆ ಹೋದಳು ಅಂದುಕೊಳ್ಳಿ. ಅಜ್ಜಿಯ ಲೆಕ್ಕದಲ್ಲಿ ನೂರು ಅಂದರೆ ಅಜ್ಜಿ ಎಣಿಸುವ ನೂರು. ಒಂದೊಂದು ಅಂಕಿಗೂ ಒಂದೊಂದು ಉಸಿರು. ಮೊಮ್ಮಗಳು ಶಾಲೆಯಲ್ಲಿ ಮಗ್ಗಿ ಒಪ್ಪಿಸಿ ಪಳಗಿದವಳು. ಅರ್ಧ ನಿಮಿಷದಲ್ಲಿ ನೂರು ಮುಗಿಸಿ ಒಲೆ ಆರಿಸಿಬಿಟ್ಟಳು. ಅನ್ನ ಬೇಯಲಿಲ್ಲ. ಹುಡುಗಿ ಹೇಳಿದ್ದನ್ನೇ ಮಾಡಿದ್ದಾಳೆ, ಅಜ್ಜಿಯೂ ತಪ್ಪು ಹೇಳಿಲ್ಲ. ಎಷ್ಟು ವೇಗವಾಗಿ ಎಣಿಸಬೇಕು ಅನ್ನುವುದು ಮಾತ್ರ ಇಬ್ಬರ ನಡುವೆ ಮಾತಾಗಿರಲಿಲ್ಲ.

ಕಂಪ್ಯೂಟರುಗಳ ಚರಿತ್ರೆಯಲ್ಲಿ ಈ ಬೇಯದ ಅನ್ನದ ಕಥೆ 1981ರಿಂದ ಮತ್ತೆ ಮತ್ತೆ ನಡೆದಿದೆ. ಒಂದು ಯಂತ್ರಕ್ಕೆಂದು ಬರೆದ ಆಪರೇಟಿಂಗ್ ಸಿಸ್ಟಂ ಅನ್ನು ಇನ್ನೊಂದು ಯಂತ್ರದ ಮೇಲೆ ಓಡಿಸಲು ಹೋದಾಗ ಮೊದಲು ಕೈಕೊಡುವುದು ಪರದೆ, ಸೌಂಡು, ವೈಫೈ ಎಂದು ನಾವು ತಿಳಿದಿರುತ್ತೇವೆ. ಅವು ಕಣ್ಣಿಗೆ ಕಾಣುವ ತೊಂದರೆಗಳು. ಕಾಣದೆ ಕೈಕೊಡುವುದು ಸಮಯ. ಎಷ್ಟು ಹೊತ್ತಾಯಿತು ಅನ್ನುವುದನ್ನು ಪ್ರೊಸೆಸರ್ ಹೇಗೆ ಅಳೆಯುತ್ತದೆ ಅನ್ನುವ ಬಗ್ಗೆ ಆಪರೇಟಿಂಗ್ ಸಿಸ್ಟಂ ಬರೆದವರ ತಲೆಯಲ್ಲಿ ಒಂದು ನಂಬಿಕೆ ಇರುತ್ತದೆ. ಅದನ್ನು ಅವರು ಎಲ್ಲೂ ಬರೆದಿಟ್ಟಿರುವುದಿಲ್ಲ. ಯಂತ್ರ ಬದಲಾದ ದಿನ ಆ ನಂಬಿಕೆ ಮುರಿಯುತ್ತದೆ. ಅದನ್ನು ಸರಿಪಡಿಸುವ ಕೆಲಸ ಹೆಚ್ಚಾಗಿ ಬಿದ್ದಿರುವುದು ಹೊರಗಿನವರ ಮೇಲೆ, ಅಂದರೆ ಆ ಕಂಪನಿಯ ಸಂಬಳ ತೆಗೆದುಕೊಳ್ಳದವರ ಮೇಲೆ.

ಮೊದಲಿನಿಂದ ನೋಡೋಣ. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರ್ ಬಿಡುಗಡೆ ಮಾಡಿತು. ಒಳಗಿದ್ದದ್ದು ಇಂಟೆಲ್ 8088 ಪ್ರೊಸೆಸರ್, ವೇಗ 4.77 ಮೆಗಾಹರ್ಟ್ಸ್. ಅಂದರೆ ಸೆಕೆಂಡಿಗೆ ಸುಮಾರು 47 ಲಕ್ಷದ 70 ಸಾವಿರ ಬಡಿತ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಆ ಚಿಪ್ 5 ಮೆಗಾಹರ್ಟ್ಸ್‌ವರೆಗೆ ಓಡಬಲ್ಲದಾಗಿತ್ತು. ಆದರೆ ಐಬಿಎಂ ಎಂಜಿನಿಯರುಗಳಿಗೆ ಕಂಪ್ಯೂಟರನ್ನು ಮನೆಯ ಕಲರ್ ಟಿವಿಗೆ ಜೋಡಿಸುವ ಅನುಕೂಲವೂ ಬೇಕಿತ್ತು. ಅಮೆರಿಕದ ಎನ್‌ಟಿಎಸ್‌ಸಿ ಕಲರ್ ಟಿವಿಯಲ್ಲಿ ಬಣ್ಣದ ಸಂಕೇತಕ್ಕೆ 3.579545 ಮೆಗಾಹರ್ಟ್ಸ್ ಬೇಕು. ಅದರ ನಾಲ್ಕು ಪಟ್ಟು 14.31818. ಆ ವೇಗದಲ್ಲಿ ಮಿಡಿಯುವ ಒಂದೇ ಒಂದು ಹರಳನ್ನು ಬೋರ್ಡಿನ ಮೇಲೆ ಕೂರಿಸಿ ಅದನ್ನೇ ಎಲ್ಲಕ್ಕೂ ಹಂಚಿದರು. ಮೂರರಿಂದ ಭಾಗಿಸಿದಾಗ ಸಿಕ್ಕ 4.77 ಪ್ರೊಸೆಸರಿಗೆ, ಹನ್ನೆರಡರಿಂದ ಭಾಗಿಸಿದಾಗ ಸಿಕ್ಕ 1.193 ಮೆಗಾಹರ್ಟ್ಸ್ 8253 ಎಂಬ ಟೈಮರ್ ಚಿಪ್ಪಿಗೆ. ಆ ಟೈಮರ್ 65,536 ಸಲ ಎಣಿಸಿ ಒಮ್ಮೆ ಪ್ರೊಸೆಸರಿನ ಬಾಗಿಲು ತಟ್ಟುತ್ತಿತ್ತು. ಹೀಗೆ ಸೆಕೆಂಡಿಗೆ 18.2 ಸಲ, ಅಂದರೆ ಸುಮಾರು 55 ಮಿಲಿಸೆಕೆಂಡಿಗೆ ಒಂದು ತಟ್ಟು. ಡಾಸ್ ಕಾಲದ ಕಂಪ್ಯೂಟರಿನ ನಾಡಿ ಇದೇ.

55 ಮಿಲಿಸೆಕೆಂಡ್ ನಮಗೆ ಕಣ್ಣು ಮಿಟುಕಿಸುವಷ್ಟೂ ಅಲ್ಲ. ಆಟ ಬರೆಯುವವರಿಗೆ ಅದು ಬಹಳ ದಪ್ಪ ಅಳತೆ. ಅದಕ್ಕಿಂತ ಸಣ್ಣ ವಿರಾಮ ಬೇಕಾದಾಗ ಅವರು ಹಿಡಿದ ದಾರಿ ಅಜ್ಜಿಯದೇ: "ಇಷ್ಟು ಸಾವಿರ ಸಲ ಸುಮ್ಮನೆ ಸುತ್ತು, ಆಮೇಲೆ ಮುಂದಿನ ಕೆಲಸ ಮಾಡು." ಎಲ್ಲ ಐಬಿಎಂ ಪಿಸಿಗಳೂ 4.77ರಲ್ಲೇ ಓಡುತ್ತಿದ್ದಾಗ ಇದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ವೇಗ ಶಾಶ್ವತ ಎಂದು ಯಾರೂ ಘೋಷಿಸಿರಲಿಲ್ಲ. ಆದರೂ ಎಲ್ಲರೂ ಹಾಗೇ ಬರೆದರು.

1984ರಲ್ಲಿ ಐಬಿಎಂ ತಾನೇ 6 ಮೆಗಾಹರ್ಟ್ಸ್‌ನ 80286 ಪ್ರೊಸೆಸರಿನ ಎಟಿ ಯಂತ್ರ ತಂದಿತು. ಅಷ್ಟರಲ್ಲಿ ಐಬಿಎಂ ಪಿಸಿಯ ನಕಲು ಯಂತ್ರಗಳೂ ಮಾರುಕಟ್ಟೆ ತುಂಬುತ್ತಿದ್ದವು. ನಕಲಿನವರು ಬೆಲೆ ತಗ್ಗಿಸಿದ್ದಷ್ಟೇ ಅಲ್ಲ, ವೇಗವನ್ನೂ ಏರಿಸಿದರು. ಹಳೆಯ ಆಟಗಳಲ್ಲಿ ಕಾರು ರೆಪ್ಪೆ ಬಡಿಯುವಷ್ಟರಲ್ಲಿ ಗೋಡೆಗೆ ಗುದ್ದತೊಡಗಿತು. ಅದಕ್ಕೆ ಕಂಡುಕೊಂಡ ಪರಿಹಾರ ಟರ್ಬೊ ಬಟನ್. ಕಂಪ್ಯೂಟರ್ ಕ್ಲಾಸುಗಳಲ್ಲಿ ಹಳೆಯ ಡಬ್ಬದಂಥ ಕ್ಯಾಬಿನೆಟ್ ನೋಡಿದವರಿಗೆ ಆ ಗುಂಡಿ ನೆನಪಿರುತ್ತದೆ. ಹೆಸರು ಟರ್ಬೊ, ನಿಜವಾದ ಉಪಯೋಗ ಯಂತ್ರವನ್ನು ನಿಧಾನ ಮಾಡುವುದು! ಪಕ್ಕದಲ್ಲಿ ಕೆಂಪಗೆ ಬೆಳಗುತ್ತಿದ್ದ ಅಂಕಿಗಳೂ ಏನನ್ನೂ ಅಳೆಯುತ್ತಿರಲಿಲ್ಲ. ಜೋಡಿಸುವವರು ಹಿಂದೆ ಚಿಕ್ಕ ಪಿನ್‌ಗಳನ್ನು ಸಿಕ್ಕಿಸಿ ಯಾವ ಸಂಖ್ಯೆ ಕಾಣಬೇಕೋ ಅದನ್ನು ಇಡುತ್ತಿದ್ದರು.

ಪ್ರೋಗ್ರಾಂ ಬರೆಯುವವರು ಅಷ್ಟರಲ್ಲಿ ಸ್ವಲ್ಪ ಜಾಣರಾಗಿದ್ದರು. "ನೂರು ಎಣಿಸು" ಎನ್ನುವ ಬದಲು "ಮೊದಲು ನೀನು ಎಷ್ಟು ವೇಗವಾಗಿ ಎಣಿಸುತ್ತೀ ತೋರಿಸು, ಅದರ ಮೇಲೆ ಲೆಕ್ಕ ಹಾಕೋಣ" ಎಂಬ ಕ್ರಮ ಬಂತು. ಬೋರ್ಲೆಂಡ್ ಕಂಪನಿಯ ಟರ್ಬೊ ಪ್ಯಾಸ್ಕಲ್ ಹೀಗೇ ಮಾಡುತ್ತಿತ್ತು. ಪ್ರೋಗ್ರಾಂ ಶುರುವಾಗುತ್ತಲೇ ಒಂದು 55 ಮಿಲಿಸೆಕೆಂಡಿನ ತಟ್ಟಿನಿಂದ ಇನ್ನೊಂದು ತಟ್ಟಿನವರೆಗೆ ಎಷ್ಟು ಸಲ ಸುತ್ತಲು ಸಾಧ್ಯ ಎಂದು ಎಣಿಸಿ, ಅದನ್ನು 55ರಿಂದ ಭಾಗಿಸಿ, ಮಿಲಿಸೆಕೆಂಡಿಗೆ ಇಷ್ಟು ಸುತ್ತು ಎಂದು ಬರೆದಿಟ್ಟುಕೊಳ್ಳುತ್ತಿತ್ತು. ಒಳ್ಳೆಯ ಉಪಾಯ. ಆದರೆ ಉತ್ತರ ಬರೆದಿಡಲು ಕೊಟ್ಟ ಜಾಗ 16 ಬಿಟ್ಟಿನದು, ಅದರಲ್ಲಿ 65,535ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಪ್ರೊಸೆಸರುಗಳು 200 ಮೆಗಾಹರ್ಟ್ಸ್ ಆಸುಪಾಸಿಗೆ ಬಂದಾಗ ಉತ್ತರ ಆ ಜಾಗವನ್ನು ಮೀರಿತು. ಭಾಗಾಕಾರದ ಉತ್ತರ ಹಿಡಿಸದಿದ್ದರೆ ಇಂಟೆಲ್ ಪ್ರೊಸೆಸರ್ ಅದನ್ನು ಸೊನ್ನೆಯಿಂದ ಭಾಗಿಸಿದ ತಪ್ಪಿನ ಲೆಕ್ಕಕ್ಕೇ ಹಾಕುತ್ತದೆ. ಪ್ರೋಗ್ರಾಂ ಮೊದಲ ಸಾಲು ಮುದ್ರಿಸುವ ಮೊದಲೇ "ರನ್‌ಟೈಮ್ ಎರರ್ 200" ಎಂದು ಸಾಯುತ್ತಿತ್ತು. ಎರರ್ ಸಂಖ್ಯೆಯೂ 200, ಮೆಗಾಹರ್ಟ್ಸೂ 200. ಇದು ಕೇವಲ ಕಾಕತಾಳೀಯ. ಆದರೂ ಪಿಸಿ ರಿಪೇರಿ ಮಾಡುವವರಿಗೆ ನೆನಪಿಡಲು ಸುಲಭವಾಯಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಆ ಹೊತ್ತಿಗೆ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಬಿಲ್ಲಿಂಗ್, ಲೆಕ್ಕಪತ್ರ, ಪ್ರಯೋಗಾಲಯದ ಪ್ರೋಗ್ರಾಂಗಳು ಜಗತ್ತಿನ ಎಷ್ಟೋ ಕಡೆ ಓಡುತ್ತಿದ್ದವು. ಬರೆದವರು ಎಲ್ಲಿಗೋ ಹೋಗಿದ್ದರು, ಮೂಲ ಕೋಡ್ ಕಳೆದಿತ್ತು. ಕೈಯಲ್ಲಿ ಉಳಿದದ್ದು ಓಡುವ ಫೈಲ್ ಮಾತ್ರ. ಅಂಥವರಿಗಾಗಿ ಹವ್ಯಾಸಿಗಳು ಪುಟಾಣಿ ಪ್ಯಾಚ್‌ಗಳನ್ನು ಬರೆದರು. ಅವು ಓಡುವ ಫೈಲಿನೊಳಗೇ ಆ ಭಾಗಾಕಾರದ ಬೈಟುಗಳನ್ನು ಹುಡುಕಿ ಬದಲಾಯಿಸುತ್ತಿದ್ದವು. ಹಳೇ ಬಾವಿಯ ರಾಟೆ ಬದಲಾಯಿಸುವ ಹಾಗೆ, ಬಾವಿ ಅಗೆದವರನ್ನು ಹುಡುಕಿಕೊಂಡು ಹೋಗದೆ.

ಇದಾದ ಸ್ವಲ್ಪದಲ್ಲೇ ಇದೇ ರೋಗ ಇಡೀ ಆಪರೇಟಿಂಗ್ ಸಿಸ್ಟಂಗೇ ತಗುಲಿತು. 1998ರಲ್ಲಿ ಎಎಂಡಿ ಕಂಪನಿಯ ಕೆ6-2 ಎಂಬ ಅಗ್ಗದ ಪ್ರೊಸೆಸರ್ ಬಂತು. 350 ಮೆಗಾಹರ್ಟ್ಸ್ ಮತ್ತು ಅದಕ್ಕೂ ವೇಗದ ಕೆ6-2 ಯಂತ್ರಗಳಲ್ಲಿ ವಿಂಡೋಸ್ 95 ಬೂಟ್ ಆಗುವಾಗಲೇ "ವಿಂಡೋಸ್ ಪ್ರೊಟೆಕ್ಷನ್ ಎರರ್" ಎಂದು ನಿಂತುಬಿಡುತ್ತಿತ್ತು. ಒಮ್ಮೊಮ್ಮೆ ಬೂಟ್ ಆಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಅದೇ ವೇಗದ ಇಂಟೆಲ್ ಯಂತ್ರಗಳಲ್ಲಿ ಏನೂ ಆಗುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಗಿರಾಕಿ ಬೈಯುವುದು ಯಾರನ್ನು? ಅಗ್ಗದ ಚಿಪ್ಪನ್ನು, ಮತ್ತು ಅದನ್ನು ಜೋಡಿಸಿಕೊಟ್ಟ ಅಂಗಡಿಯವನನ್ನು.

ಚಿಪ್ಪಿನ ತಪ್ಪು ಏನೂ ಇರಲಿಲ್ಲ. ವಿಂಡೋಸ್‌ನ ಕೆಲವು ಡ್ರೈವರುಗಳು ಬೂಟ್ ಆಗುವಾಗ ಹತ್ತು ಲಕ್ಷಕ್ಕೂ ಹೆಚ್ಚು ಸಲ ಸುತ್ತಿ, ಅದಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ನೋಡಿ, ಅದರಿಂದ ಭಾಗಿಸುತ್ತಿದ್ದವು. ಸುತ್ತಲು ಬಳಸಿದ್ದು "ಲೂಪ್" ಎಂಬ ಒಂದು ಆಜ್ಞೆ. ಇಂಟೆಲ್‌ನ ಅಂದಿನ ಪ್ರೊಸೆಸರುಗಳು ಅದಕ್ಕೆ ಐದಾರು ಬಡಿತ ತೆಗೆದುಕೊಂಡರೆ ಕೆ6-2 ಒಂದೇ ಬಡಿತದಲ್ಲಿ ಮುಗಿಸುತ್ತಿತ್ತು. ಕೆಲಸ ಬೇಗ ಮುಗಿದಷ್ಟೂ ಕಳೆದ ಸಮಯ ಚಿಕ್ಕದಾಗಿ, ಕೊನೆಗೆ ಸೊನ್ನೆಯಿಂದ ಭಾಗಿಸುವ ಸ್ಥಿತಿ ಬರುತ್ತಿತ್ತು. ಅಗ್ಗದ ಚಿಪ್ ಆ ಒಂದು ಕೆಲಸದಲ್ಲಿ ದುಬಾರಿ ಚಿಪ್ಪಿಗಿಂತ ಚುರುಕಾಗಿದ್ದದ್ದೇ ಅದರ ಅಪರಾಧ. ಈ ತೊಂದರೆಗೆ ಪ್ಯಾಚ್ ಹೊರಬಂತು, ಎಎಂಡಿ ಅದನ್ನು ಹಂಚಿತು. ಆದರೆ ಇನ್ನೊಂದು ಇಂಥದ್ದೇ ಲೆಕ್ಕ ನೆಟ್‌ವರ್ಕ್ ಡ್ರೈವರಿನೊಳಗೆ ಉಳಿದಿತ್ತು. ಅದು ಸ್ಫೋಟವಾದದ್ದು ಇಂಟೆಲ್ ಚಿಪ್ಪುಗಳು 2.1 ಗಿಗಾಹರ್ಟ್ಸ್ ದಾಟಿದಾಗ. 350ನ್ನು ಆರರಿಂದ ಗುಣಿಸಿ ನೋಡಿ, 2,100 ಬರುತ್ತದೆ. ಎಎಂಡಿ ಗಿರಾಕಿ 1998ರಲ್ಲಿ ಬಿದ್ದ ಗುಂಡಿಗೆ ಇಂಟೆಲ್ ಗಿರಾಕಿ ಕೆಲವೇ ವರ್ಷ ತಡವಾಗಿ ಬಿದ್ದ.

ವಿಂಡೋಸ್ 95ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2001ರ ಡಿಸೆಂಬರ್ 31ಕ್ಕೆ ಮುಗಿಯಿತು. 2.2 ಗಿಗಾಹರ್ಟ್ಸ್‌ನ ಪೆಂಟಿಯಂ 4 ಮಾರುಕಟ್ಟೆಗೆ ಬಂದದ್ದು 2002ರ ಜನವರಿ ಮೊದಲ ವಾರ ಮುಗಿಯುವಾಗ. ಹೊಸ ಯಂತ್ರದ ಮೇಲೆ ಹಳೆಯ ವಿಂಡೋಸ್ ಓಡಿಸಬೇಕಾದವರಿಗೆ ಅಲ್ಲಿಂದ ಮುಂದೆ ಗತಿಯಾದದ್ದು ಹವ್ಯಾಸಿಗಳು ತಯಾರಿಸಿದ ಬೂಟ್ ಫ್ಲಾಪಿಗಳು. ಇಂಥವರು ಹಟಮಾರಿಗಳೆಂದು ನಗುವುದು ಸುಲಭ. ಒಂದು ಲೇತ್ ಯಂತ್ರವೋ, ಒಂದು ಹಳೆಯ ಪ್ರಿಂಟರೋ, ಹಳೇ ಫಾಂಟಿನಲ್ಲಿ ಕೂಡಿಟ್ಟ ಹತ್ತು ವರ್ಷದ ಪೇಜ್‌ಮೇಕರ್ ಪುಟಗಳೋ ಹಳೆಯ ಸಿಸ್ಟಂ ಬಿಟ್ಟು ಬರುವುದಿಲ್ಲ ಎಂದಾಗ ಏನು ಮಾಡಬೇಕು? ಕನ್ನಡ ಡಿಟಿಪಿ ಮಾಡುವ ಯಾರನ್ನಾದರೂ ಕೇಳಿ, ನಗುವುದಿಲ್ಲ.

ಲಿನಕ್ಸ್ ಕಡೆಯವರು ಇದನ್ನು ಸ್ವಲ್ಪ ತಮಾಷೆಯಾಗಿಯೇ ತೆಗೆದುಕೊಂಡರು. ಲೈನಸ್ ಟೋರ್ವಾಲ್ಡ್ಸ್ 1993ರಲ್ಲೇ ತಮ್ಮ ಕರ್ನಲ್‌ನಲ್ಲಿ ಪ್ರತಿ ಬೂಟಿಗೂ ಪ್ರೊಸೆಸರಿನ ಸುತ್ತುವ ವೇಗ ಅಳೆಯುವ ವ್ಯವಸ್ಥೆ ಇಟ್ಟು, ಬಂದ ಅಂಕಿಗೆ "ಬೋಗೋಮಿಪ್ಸ್" ಎಂದು ಹೆಸರಿಟ್ಟರು. "ಬೋಗಸ್" ಎಂಬುದರಿಂದ ಬಂದ ಹೆಸರು. ಈ ಅಂಕಿಯನ್ನು ಯಂತ್ರದ ತಾಕತ್ತಿನ ಅಳತೆ ಎಂದು ನಂಬಬೇಡಿ, ಇದು ಸುಮ್ಮನೆ ಕಾಯಲು ಇಟ್ಟುಕೊಂಡ ಲೆಕ್ಕ ಎಂದು ಹೆಸರಿನಲ್ಲೇ ಹೇಳಿದ ಹಾಗಾಯಿತು. ಯಂತ್ರ ಯಾವುದೆಂದು ಮೊದಲೇ ಗೊತ್ತಿಲ್ಲದವರು ಬರೆದ ಸಿಸ್ಟಂ ಅದು, ಸಿಕ್ಕ ಸಿಕ್ಕ ಯಂತ್ರದ ಮೇಲೆ ಓಡಬೇಕಾದದ್ದು. ಹಾಗಾಗಿ ಅನುಮಾನ ಅದರ ಸ್ವಭಾವದಲ್ಲೇ ಬಂತು. ಇದು ಮುಂದೆ ಬಹಳ ಉಪಯೋಗಕ್ಕೆ ಬಿತ್ತು.

ಅದೇ 1993ರಲ್ಲಿ ಇಂಟೆಲ್ ಪೆಂಟಿಯಂ ತಂದಿತು. ಅದರೊಳಗೆ ಒಂದು ಹೊಸ ವಸ್ತು ಇತ್ತು: ಟೈಮ್ ಸ್ಟ್ಯಾಂಪ್ ಕೌಂಟರ್, ಚಿಕ್ಕದಾಗಿ ಟಿಎಸ್‌ಸಿ. ಪ್ರೊಸೆಸರಿಗೆ ವಿದ್ಯುತ್ ಬಂದ ಕ್ಷಣದಿಂದ ಪ್ರತಿ ಬಡಿತಕ್ಕೆ ಒಂದೊಂದು ಕೂಡುತ್ತಾ ಹೋಗುವ 64 ಬಿಟ್ಟಿನ ಮೀಟರ್. ಆಟೋದ ಮೀಟರಿನ ಹಾಗೆ, ಸೊನ್ನೆಯಿಂದ ಶುರು. ಒಂದೇ ಒಂದು ಆಜ್ಞೆಯಿಂದ ಅದನ್ನು ಓದಬಹುದು. ಬೋರ್ಡಿನ ಮೇಲಿನ ಟೈಮರ್ ಚಿಪ್ಪನ್ನು ಕೇಳಿ ಉತ್ತರ ತರಿಸಿಕೊಳ್ಳುವುದಕ್ಕೆ ಹೋಲಿಸಿದರೆ ಇದು ಕೈಗಡಿಯಾರ ನೋಡಿದಷ್ಟು ಸಲೀಸು. ಸುತ್ತಿ ಸುತ್ತಿ ಅಂದಾಜು ಹಾಕುವ ಕಾಲ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಮುಗಿಯಲಿಲ್ಲ. ಮೊದಲು ಲ್ಯಾಪ್‌ಟಾಪುಗಳು ಬ್ಯಾಟರಿ ಉಳಿಸಲು ಪ್ರೊಸೆಸರಿನ ವೇಗವನ್ನು ಏರಿಸಿ ಇಳಿಸತೊಡಗಿದವು. ಬಡಿತ ನಿಧಾನವಾದರೆ ಮೀಟರೂ ನಿಧಾನ. ಆಮೇಲೆ ಒಂದೇ ಚಿಪ್ಪಿನಲ್ಲಿ ಎರಡು ಕೋರ್ ಬಂದವು. ಎಎಂಡಿಯ ಅಥ್ಲಾನ್ 64 ಎಕ್ಸ್2 ಬಂದದ್ದು 2005ರಲ್ಲಿ. ಪ್ರತಿ ಕೋರಿಗೂ ತನ್ನದೇ ಟಿಎಸ್‌ಸಿ. ಒಂದು ಕೋರ್ ಕೆಲಸವಿಲ್ಲದೆ ತೂಕಡಿಸಿದಾಗ ಅದರ ಮೀಟರ್ ಹಿಂದೆ ಬೀಳುತ್ತಿತ್ತು. ಆಟದ ಪ್ರೋಗ್ರಾಂ ಒಂದು ಕ್ಷಣ ಈ ಕೋರಿನಲ್ಲಿ ಸಮಯ ನೋಡಿ, ಮರುಕ್ಷಣ ಆ ಕೋರಿನಲ್ಲಿ ನೋಡಿದರೆ ಕಾಲ ಹಿಂದಕ್ಕೆ ಓಡಿದಂತೆ ಕಾಣುತ್ತಿತ್ತು.

ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ದೃಗ್ಗಣಿತದ ಪಂಚಾಂಗಕ್ಕೂ ತಿಥಿಯಲ್ಲಿ ವ್ಯತ್ಯಾಸ ಬಂದು ಒಂದೇ ಊರಿನ ಎರಡು ಮನೆಗಳಲ್ಲಿ ಏಕಾದಶಿ ಎರಡು ಬೇರೆ ದಿನ ಬೀಳುವುದನ್ನು ನೋಡಿದ್ದೇವೆ. ಅವರವರ ಮನೆಯಲ್ಲಿ ಅವರವರದು ಸರಿ. ತೊಂದರೆಯಾಗುವುದು ಎರಡೂ ಮನೆಗೆ ಹೋಗಿ ಬರುವ ಅಡುಗೆಯವರಿಗೆ.

ಎಎಂಡಿ ಇದಕ್ಕೊಂದು ತೇಪೆ ಪ್ರೋಗ್ರಾಂ ಕೊಟ್ಟಿತು. ವಿಂಡೋಸ್‌ನಲ್ಲಿ ಟಿಎಸ್‌ಸಿ ಬಿಟ್ಟು ಬೋರ್ಡಿನ ಮೇಲಿನ ಪವರ್ ಮ್ಯಾನೇಜ್‌ಮೆಂಟ್ ಟೈಮರನ್ನು ಬಳಸು ಎಂದು ಬೂಟ್ ಫೈಲಿನಲ್ಲಿ ಒಂದು ಪದ ಸೇರಿಸುವ ದಾರಿಯೂ ಇತ್ತು. ಲಿನಕ್ಸ್ ಟಿಎಸ್‌ಸಿಯ ಪಕ್ಕದಲ್ಲಿ ಇನ್ನೊಂದು ಗಡಿಯಾರವನ್ನು ಕಾವಲಿಗೆ ಇಟ್ಟಿತು. ಎರಡೂ ಹೊಂದದಿದ್ದರೆ "ಟಿಎಸ್‌ಸಿ ನಂಬಿಕೆಗೆ ಅರ್ಹವಲ್ಲ" ಎಂದು ದಾಖಲಿಸಿ ಬೇರೆ ಗಡಿಯಾರಕ್ಕೆ ಜಿಗಿಯುತ್ತದೆ. ಯಂತ್ರ ಸ್ವಲ್ಪ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. 2008ರ ಕೊನೆಗೆ ಬಂದ ಇಂಟೆಲ್‌ನ ನೆಹಲೆಮ್ ಪೀಳಿಗೆಯಿಂದ ಟಿಎಸ್‌ಸಿ ನಿದ್ದೆಯಲ್ಲೂ ಒಂದೇ ವೇಗದಲ್ಲಿ ಓಡುವಂತಾಯಿತು. ಅಷ್ಟಾದರೂ ಒಂದು ಸಮಸ್ಯೆ ಉಳಿಯಿತು. ಎಲ್ಲ ಮೀಟರುಗಳ ವೇಗ ಒಂದೇ ಆದರೂ ಅವು ಒಂದೇ ಅಂಕಿಯಿಂದ ಶುರುವಾಗಿವೆಯೇ?

ಈ ಪ್ರಶ್ನೆಗೆ ಆಪಲ್ ಕೊಟ್ಟ ಉತ್ತರ: ಹೌದು, ಶುರುವಾಗಿರುತ್ತವೆ. 2005ರ ಜೂನ್ 6ರಂದು ಆಪಲ್ ತನ್ನ ಮ್ಯಾಕ್ ಕಂಪ್ಯೂಟರುಗಳನ್ನು ಇಂಟೆಲ್ ಪ್ರೊಸೆಸರಿಗೆ ಬದಲಾಯಿಸುವುದಾಗಿ ಘೋಷಿಸಿತು. ಮೊದಲ ಇಂಟೆಲ್ ಐಮ್ಯಾಕ್ 2006ರ ಜನವರಿಯಲ್ಲಿ ಬಂತು. ಒಳಗಿನ ಚಿಪ್ ನಮ್ಮ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಜಾತಿಯದೇ ಎಂದಾದ ಮೇಲೆ, ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂ ಅನ್ನು ಜೋಡಿಸಿದ ಪಿಸಿಯ ಮೇಲೆ ಯಾಕೆ ಓಡಿಸಬಾರದು ಅನ್ನುವ ಆಸೆ ಜಗತ್ತಿನಾದ್ಯಂತ ಹುಟ್ಟಿತು. ಅಂಥ ಯಂತ್ರಕ್ಕೆ ಹ್ಯಾಕಿಂತೋಷ್ ಎಂದು ಹೆಸರಾಯಿತು.

ಕಾನೂನಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಪಲ್‌ನ ಪರವಾನಗಿ ಒಪ್ಪಂದ ತನ್ನ ಸಿಸ್ಟಂ ಅನ್ನು ಆಪಲ್ ಹೆಸರಿನ ಯಂತ್ರದ ಮೇಲೆ ಮಾತ್ರ ಹಾಕಲು ಬಿಡುತ್ತದೆ. ಹ್ಯಾಕಿಂತೋಷ್ ಜೋಡಿಸಿ ಮಾರಲು ಹೊರಟ ಸೈಸ್ಟಾರ್ ಎಂಬ ಅಮೆರಿಕದ ಕಂಪನಿಯ ಮೇಲೆ ಆಪಲ್ 2008ರಲ್ಲಿ ದಾವೆ ಹೂಡಿತು, 2009ರಲ್ಲಿ ಗೆದ್ದಿತು, 2011ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಮನೆಯಲ್ಲಿ ಕೂತು ಮಾಡಿದವರ ಬೆನ್ನು ಹತ್ತುವ ಗೋಜಿಗೆ ಕಂಪನಿ ಹೋಗಲಿಲ್ಲ. ಹಾಗೆಂದು ಇದು ಒಪ್ಪಿತ ಕೆಲಸವಾಗುವುದಿಲ್ಲ. ಬಡವರ ಮ್ಯಾಕ್ ಎಂದು ಇದನ್ನು ಹಾಡಿ ಹೊಗಳುವುದೂ ನನಗೆ ಒಗ್ಗುವುದಿಲ್ಲ. ನಮ್ಮ ಜಿಲ್ಲಾ ಕೇಂದ್ರದಲ್ಲಿ ಮದುವೆ ವಿಡಿಯೋ ಎಡಿಟಿಂಗ್‌ಗೆ ಇಂಥ ಯಂತ್ರ ನಂಬಿದವರೊಬ್ಬರು ಪ್ರತಿ ಅಪ್‌ಡೇಟಿಗೂ ಎರಡು ರಾತ್ರಿ ನಿದ್ದೆಗೆಟ್ಟದ್ದು ನೋಡಿದ್ದೇನೆ. ಮುಹೂರ್ತದ ಸೀಸನ್ನಿನಲ್ಲಿ ಎರಡು ರಾತ್ರಿ ಅಂದರೆ ಸಣ್ಣ ಮಾತಲ್ಲ.

ಆದರೆ ಆ ಯಂತ್ರದ ಕಾಯಿಲೆ ಚರಿತ್ರೆಯ ದೃಷ್ಟಿಯಿಂದ ಕುತೂಹಲದ್ದು. ಮ್ಯಾಕ್ ಸಿಸ್ಟಂನ ಕರ್ನಲ್ಲಿಗೆ ಎಕ್ಸ್‌ಎನ್‌ಯು ಎಂದು ಹೆಸರು. ಇಂಟೆಲ್ ಮ್ಯಾಕ್‌ಗಳಲ್ಲಿ ಅದು ನ್ಯಾನೊಸೆಕೆಂಡ್ ಲೆಕ್ಕದ ತನ್ನ ಸಮಯವನ್ನೆಲ್ಲ ಟಿಎಸ್‌ಸಿಯಿಂದಲೇ ಕಟ್ಟುತ್ತದೆ. ಎಲ್ಲ ಕೋರುಗಳಿಗೂ ಒಂದೇ ಆರಂಭ, ಒಂದೇ ವೇಗ ಎಂದು ನಂಬುತ್ತದೆ. ಆಪಲ್ ತಯಾರಿಸಿದ ಬೋರ್ಡಿನಲ್ಲಿ ಆಪಲ್‌ದೇ ಫರ್ಮ್‌ವೇರ್ ಎಲ್ಲವನ್ನೂ ಸರಿಹೊಂದಿಸಿ ಕೊಡುವುದರಿಂದ ಆ ನಂಬಿಕೆ ಸುಳ್ಳಾಗುತ್ತಿರಲಿಲ್ಲ. ಬೇರೆ ಕಂಪನಿಗಳ ಲ್ಯಾಪ್‌ಟಾಪುಗಳಲ್ಲಿ, ಎಕ್ಸ್99ರಂಥ ದೊಡ್ಡ ಮದರ್‌ಬೋರ್ಡುಗಳಲ್ಲಿ ಪರಿಸ್ಥಿತಿ ಬೇರೆ. ಕೆಲವು ಬಯಾಸ್‌ಗಳು ಬೂಟ್ ಆಗುವಾಗ ಒಂದು ಕೋರಿನ ಮೀಟರನ್ನು ತಿದ್ದಿ ಉಳಿದವನ್ನು ಹಾಗೇ ಬಿಡುತ್ತವೆ. ಕೆಲವು ನಿದ್ದೆಯಿಂದ ಎದ್ದಾಗ ಹೊಂದಿಸಲು ಮರೆಯುತ್ತವೆ. ವಿಂಡೋಸಿಗೂ ಲಿನಕ್ಸಿಗೂ ಅನುಮಾನ ಪಡುವ ಅಭ್ಯಾಸ ಇದ್ದುದರಿಂದ ಅಲ್ಲಿ ಯಾರ ಗಮನಕ್ಕೂ ಬಾರದ ದೋಷ ಇಲ್ಲಿ ಎದ್ದು ಕಂಡಿತು.

ಲಕ್ಷಣಗಳು ಹೀಗಿರುತ್ತಿದ್ದವು: ಸಿಸ್ಟಂ ಬೂಟ್ ಆಗುತ್ತದೆ, ಆದರೆ ಮೌಸ್ ಬಾಣ ಕೆಸರಿನಲ್ಲಿ ನಡೆದಂತೆ ಎಳೆಯುತ್ತದೆ. ಕಿಟಕಿ ತೆರೆಯಲು ಅರ್ಧ ನಿಮಿಷ. ಹಾಡು ತೊದಲುತ್ತದೆ. ಮುಚ್ಚಳ ಮುಚ್ಚಿ ತೆರೆದರೆ ಕರ್ನಲ್ ಪ್ಯಾನಿಕ್ ಆಗಿ ಯಂತ್ರ ರೀಸ್ಟಾರ್ಟ್. ನೋಡಿದವರು ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ, ರ‍್ಯಾಮ್ ಸಾಲದು ಎಂದೆಲ್ಲ ಹೇಳಿ ಹಣ ಖರ್ಚು ಮಾಡಿಸುತ್ತಿದ್ದರು. ಸರಿಯಾಗಿ ಪತ್ತೆ ಹಚ್ಚುವ ದಾರಿ ಬಹಳ ಸರಳವಾಗಿತ್ತು. ಬೂಟ್ ಮಾಡುವಾಗ "ಒಂದೇ ಕೋರ್ ಬಳಸು" ಎಂದು ಒಂದು ಆಜ್ಞೆ ಸೇರಿಸುವುದು. ಎಂಟರಲ್ಲಿ ಏಳನ್ನು ಮಲಗಿಸಿದರೂ ಯಂತ್ರ ಮೊದಲಿಗಿಂತ ಚೆನ್ನಾಗಿ ಓಡಿದರೆ ಕಾಯಿಲೆ ಗೊತ್ತಾದ ಹಾಗೆ. ಒಂದೇ ಗಡಿಯಾರ ಇದ್ದಾಗ ಜಗಳಕ್ಕೆ ಎರಡನೆಯವರಿಲ್ಲ.

ಮದ್ದು ಕಂಡುಹಿಡಿಯಲು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣವಿದೆ. ಆಪಲ್ ತನ್ನ ಸಿಸ್ಟಂನ ಮೇಲ್ಪದರಗಳನ್ನು ಮುಚ್ಚಿಟ್ಟರೂ ಎಕ್ಸ್‌ಎನ್‌ಯು ಕರ್ನಲ್ಲಿನ ಮೂಲ ಕೋಡ್ ಪ್ರಕಟಿಸುತ್ತಾ ಬಂದಿದೆ. ಗಡಿಯಾರದ ಭಾಗ ಏನನ್ನು ನಂಬಿದೆ ಎಂದು ಹೊರಗಿನವರು ಓದಿ ತಿಳಿಯಬಹುದಿತ್ತು. ಓದಿದವರು ವೂಡೂ ಟಿಎಸ್‌ಸಿ ಸಿಂಕ್ ಎಂಬ ಚಿಕ್ಕ ಡ್ರೈವರ್ ಬರೆದರು. ಅದು ಮಾಡುವುದಿಷ್ಟೇ: ಎಲ್ಲ ಕೋರುಗಳನ್ನೂ ಒಂದು ಕ್ಷಣ ಕೈಕಟ್ಟಿ ನಿಲ್ಲಿಸಿ, ಒಂದು ಕೋರಿನ ಮೀಟರ್ ಓದಿ, ಅದೇ ಅಂಕಿಯನ್ನು ಎಲ್ಲ ಕೋರುಗಳಿಗೂ ಬರೆಯುವುದು. ನಿದ್ದೆಯಿಂದ ಎದ್ದಾಗ ಮತ್ತೊಮ್ಮೆ ಅದನ್ನೇ ಮಾಡುವುದು.

ಇದರಲ್ಲಿ ಒಂದು ಸಣ್ಣ ಸೂಕ್ಷ್ಮವಿತ್ತು, ಬಹಳ ಜನ ಎಡವಿದ್ದು ಅಲ್ಲೇ. ಡ್ರೈವರಿನ ಜೊತೆಗಿನ ಫೈಲಿನಲ್ಲಿ ಕೊನೆಯ ಥ್ರೆಡ್ಡಿನ ಸಂಖ್ಯೆಯನ್ನು ಕೈಯಾರೆ ಬರೆಯಬೇಕು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಎಂಟು ಥ್ರೆಡ್ ಇದ್ದರೆ 7, ಹನ್ನೆರಡಿದ್ದರೆ 11. ಯಾಕೆಂದರೆ ಕೋರುಗಳು ಒಂದೊಂದಾಗಿ ಏಳುತ್ತವೆ, ಕೊನೆಯದು ಎದ್ದ ಮೇಲೆಯೇ ಡ್ರೈವರ್ ಕೆಲಸ ಶುರು ಮಾಡಬೇಕು. ಮದುವೆಯಲ್ಲಿ ಕೊನೆಯ ಸೋದರಮಾವ ಬರುವ ತನಕ ಗ್ರೂಪ್ ಫೋಟೊ ತೆಗೆಯುವಂತಿಲ್ಲವಲ್ಲ, ಹಾಗೆ. ನಾಲ್ಕು ಥ್ರೆಡ್ಡಿನ ಯಂತ್ರದವರು ಯಾರದೋ ಎಂಟು ಥ್ರೆಡ್ಡಿನ ಫೈಲ್ ನಕಲು ಮಾಡಿಕೊಂಡರೆ ಡ್ರೈವರ್ ಬರಲಾರದ ಏಳನೆಯವನಿಗಾಗಿ ಕಾಯುತ್ತಾ ಕೂರುತ್ತಿತ್ತು. ಮದ್ದು ಕೆಲಸ ಮಾಡಲಿಲ್ಲ ಎಂದು ಅವರು ಬೈದುಕೊಳ್ಳುತ್ತಿದ್ದರು.

ಓಡುತ್ತಿರುವ ಮೀಟರಿಗೆ ಅಂಕಿ ಬರೆಯುವುದರಲ್ಲಿ ಇನ್ನೊಂದು ಕೊರತೆಯಿದೆ. ಬರೆಯುವಷ್ಟರಲ್ಲಿ ಮೀಟರ್ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತದೆ. 2013ರ ಹ್ಯಾಸ್ವೆಲ್ ಪೀಳಿಗೆಯ ಹೊತ್ತಿಗೆ ಇಂಟೆಲ್ ಪ್ರೊಸೆಸರುಗಳಲ್ಲಿ ಇದಕ್ಕೆ ಉತ್ತಮ ಉಪಾಯ ಬಂದಿತ್ತು. ಪ್ರತಿ ಕೋರಿನ ಮೀಟರನ್ನು ಎಷ್ಟು ತಿದ್ದಲಾಗಿದೆ ಎಂದು ಬರೆದಿಡುವ ಬೇರೊಂದು ಜಾಗ. ನಮ್ಮ ಮನೆಗಳಲ್ಲಿ ಗೋಡೆ ಗಡಿಯಾರವನ್ನು ಬೇಕೆಂದೇ ಹತ್ತು ನಿಮಿಷ ಮುಂದಿಡುವುದುಂಟು. ಹಳೆಯ ಕ್ರಮ ಅಂದರೆ ಪ್ರತಿ ಗಡಿಯಾರದ ಮುಳ್ಳನ್ನೂ ಕೈಯಲ್ಲಿ ತಿರುಗಿಸಿ ಹೊಂದಿಸುವುದು. ಹೊಸ ಕ್ರಮ ಅಂದರೆ "ನೀನು ಎಷ್ಟು ಮುಂದಿಟ್ಟಿದ್ದೆ? ಅದನ್ನು ಸೊನ್ನೆ ಮಾಡು" ಎನ್ನುವುದು. ಮುಳ್ಳು ಮುಟ್ಟಬೇಕಿಲ್ಲ, ಮೂಲದಲ್ಲಿ ಎಲ್ಲ ಒಟ್ಟಿಗೇ ಶುರುವಾಗಿದ್ದವು. ಟಿಎಸ್‌ಸಿ ಅಡ್ಜಸ್ಟ್ ರೀಸೆಟ್ ಎಂಬ ಡ್ರೈವರ್ ಈ ದಾರಿ ಹಿಡಿಯಿತು. ಲಿನಕ್ಸ್ ಕೂಡ ಇದೇ ಜಾಗವನ್ನು ಇಣುಕಿ ನೋಡಿ, ಕೋರುಗಳ ನಡುವೆ ವ್ಯತ್ಯಾಸ ಕಂಡರೆ "ಫರ್ಮ್‌ವೇರ್ ದೋಷ" ಎಂದು ಬೂಟ್ ದಾಖಲೆಯಲ್ಲಿ ನೇರವಾಗಿ ಬರೆಯುತ್ತದೆ. ತಪ್ಪು ಯಾರದು ಎಂದು ಹೆಸರು ಹಿಡಿದು ಹೇಳುವ ಈ ಗುಣ ವರದಿಗಾರನಾದ ನನಗೆ ಹಿಡಿಸಿದೆ.

ಆಮೇಲೆ ಅಸಿಡಾಂಥೆರಾ ತಂಡದ ಸಂಗ್ರಹದಲ್ಲಿ ಸಿಪಿಯು ಟಿಎಸ್‌ಸಿ ಸಿಂಕ್ ಎಂಬುದು ಬಂತು. ಅದು ಹಳೆಯ ವೂಡೂ ಕೆಲಸದ ಜೊತೆಗೆ ಇನ್ನೊಂದು ಎಚ್ಚರಿಕೆ ಸೇರಿಸಿತು. ನಿದ್ದೆಯಿಂದ ಏಳುವಾಗ ಗಡಿಯಾರಗಳು ಹೊಂದುವ ತನಕ ಕರ್ನಲ್ಲಿನ ವಿದ್ಯುತ್ ನಿರ್ವಹಣೆಯ ಒಂದು ಭಾಗವನ್ನು ತಡೆದು ಹಿಡಿಯುವುದು. ಎದ್ದ ಕೂಡಲೇ ಪ್ಯಾನಿಕ್ ಆಗುತ್ತಿದ್ದದ್ದು ಇದರಿಂದ ನಿಂತಿತು. ಅದೇ ತಂಡದ ಓಪನ್‌ಕೋರ್ ಎಂಬ ಬೂಟ್ ಲೋಡರಿನಲ್ಲಿ ಸಿಸ್ಟಂ ಏಳುವ ಮೊದಲೇ ಗಡಿಯಾರ ಹೊಂದಿಸುವ ಆಯ್ಕೆ ಇದೆ. ಆದರೆ ಬೂಟ್ ಲೋಡರ್ ಬೆಳಿಗ್ಗೆ ಒಮ್ಮೆ ಬಂದು ಹೋಗುವ ಪೇಪರ್ ಹುಡುಗನಿದ್ದಂತೆ. ಮಧ್ಯಾಹ್ನ ಯಂತ್ರ ಮಲಗಿ ಎದ್ದಾಗ ಅವನಿರುವುದಿಲ್ಲ. ಆ ಹೊತ್ತಿಗೆ ಒಳಗೇ ಇರುವ ಡ್ರೈವರ್ ಬೇಕೇ ಬೇಕು ಎಂದು ಅದನ್ನು ಬರೆದವರೇ ಹೇಳಿದ್ದಾರೆ.

ಈ ಡ್ರೈವರುಗಳಲ್ಲಿ ಕೆಲವನ್ನು ಬರೆದವರು ಇವತ್ತಿಗೂ ನಮಗೆ ಅಡ್ಡಹೆಸರುಗಳಲ್ಲಷ್ಟೇ ಗೊತ್ತು. ದೊಡ್ಡ ಕಂಪನಿಗಳ ಬಯಾಸ್ ತಪ್ಪನ್ನು ಇನ್ನೊಂದು ದೊಡ್ಡ ಕಂಪನಿಯ ಕರ್ನಲ್ ಕೋಡ್ ಓದಿ, ಎರಡಕ್ಕೂ ಸಂಬಂಧವಿಲ್ಲದವರು ತಿದ್ದಿದರು. ಬಯಾಸ್ ಮಾಡಿದವರಿಗೆ ಅದನ್ನು ತಿದ್ದುವ ಅವಸರವಿರಲಿಲ್ಲ, ವಿಂಡೋಸ್ ಓಡುತ್ತಿತ್ತಲ್ಲ. ಆಪಲ್‌ಗೆ ತನ್ನದಲ್ಲದ ಯಂತ್ರದ ಗೊಡವೆ ಬೇಕಿರಲಿಲ್ಲ. 1998ರಲ್ಲಿ ಕೆ6-2 ಗಿರಾಕಿಗಾದರೂ ಎರಡು ಕಂಪನಿಗಳ ಹಿತ ಸೇರಿ ಒಂದು ಪ್ಯಾಚ್ ಸಿಕ್ಕಿತು. ಇವರಿಗೆ ಅದೂ ಸಿಗುವಂತಿರಲಿಲ್ಲ.

2020ರ ಜೂನ್‌ನಲ್ಲಿ ಆಪಲ್ ಇಂಟೆಲ್ ಬಿಟ್ಟು ತನ್ನದೇ ಚಿಪ್ಪಿಗೆ ಹೊರಳುವುದಾಗಿ ಹೇಳಿತು. 2025ರ ಜೂನ್‌ನಲ್ಲಿ, ಮ್ಯಾಕ್‌ಓಎಸ್ ಟಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ ಎಂದು ಪ್ರಕಟಿಸಿತು. ಹ್ಯಾಕಿಂತೋಷ್‌ಗೆ ಅಲ್ಲಿಗೆ ದಾರಿ ಮುಗಿಯುತ್ತದೆ. ಆಪಲ್‌ನ ಹೊಸ ಚಿಪ್ಪುಗಳಲ್ಲಿ ಕೋರಿಗೊಂದು ಗಡಿಯಾರದ ರಗಳೆಯೇ ಇಲ್ಲ. ಆರ್ಮ್ ವಿನ್ಯಾಸದಲ್ಲಿ ಇಡೀ ಯಂತ್ರಕ್ಕೆ ಒಂದೇ ಎಣಿಕೆ, ಎಲ್ಲ ಕೋರುಗಳೂ ಅದನ್ನೇ ನೋಡುತ್ತವೆ. ಎಂ1 ಚಿಪ್ಪಿನಲ್ಲಿ ಅದು 24 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಊರಿಗೊಂದೇ ಗಂಟೆ.

ಇಂಟೆಲ್, ಎಎಂಡಿ ಪಿಸಿಗಳ ಮಾತು ಬೇರೆ. ಸ್ವಲ್ಪ ಹಳೆಯ ಯಂತ್ರವೊಂದರಲ್ಲಿ ಲಿನಕ್ಸ್ ಹಾಕಿ ಬೂಟ್ ದಾಖಲೆ ತೆರೆದು ನೋಡಿ. ಟಿಎಸ್‌ಸಿಯನ್ನು ನಂಬಲಾಗದಿದ್ದಾಗ ಸಿಸ್ಟಂ ಮೊರೆಹೋಗುವ ಗಡಿಯಾರಗಳ ವೇಗ ಅಲ್ಲಿ ಇರುತ್ತದೆ. ಎಚ್‌ಪಿಇಟಿ ಎಂಬ ಟೈಮರಿನ ಮುಂದೆ ಹೆಚ್ಚಾಗಿ 14.318180 ಮೆಗಾಹರ್ಟ್ಸ್. ಪವರ್ ಮ್ಯಾನೇಜ್‌ಮೆಂಟ್ ಟೈಮರಿನದು 3.579545. ಅಮೆರಿಕದ ಹಳೆಯ ಕಲರ್ ಟಿವಿಯ ಅವೇ ಅಂಕಿಗಳು. 1982ರಲ್ಲಿ ಏಷ್ಯನ್ ಗೇಮ್ಸ್ ಹೊತ್ತಿಗೆ ನಮ್ಮ ದೂರದರ್ಶನಕ್ಕೆ ಬಣ್ಣ ಬಂದಾಗ ಭಾರತ ಆರಿಸಿಕೊಂಡದ್ದು ಪಾಲ್ ಪದ್ಧತಿ, ಅದರ ಬಣ್ಣದ ಅಂಕಿ 4.43. ನಮ್ಮ ಟಿವಿಗಳು ಒಂದು ದಿನವೂ ಬಳಸದ ಆ 3.579545 ನಮ್ಮ ಪಂಚಾಯಿತಿ ಕಚೇರಿಯ ಪಿಸಿಯಲ್ಲೂ ಎಣಿಸುತ್ತಾ ಕೂತಿರುತ್ತದೆ.